ಅಪ್ಪನ ಅಂಗಿ ತೊಟ್ಟು ಹಾಡಿದವನು

ಅಪ್ಪನ ವರ್ಷದ ಕಾರ್ಯ ಮುಗಿದ ಮಾರನೇ ದಿನ ದಾವಣಗೆರೆಯ ಮನೆಯಲ್ಲಿ ಹಳೇ ಟ್ರಂಕು ತೆಗೆದೆವು. ತಳದಲ್ಲಿ ಅಪ್ಪನ ಖಾಕಿ ಅಂಗಿ ಇತ್ತು. ಮಿಲ್ಲಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ. ಮಿಲ್ಲು ಮುಚ್ಚಿ ಮೂವತ್ತು ವರ್ಷದ ಮೇಲಾಯಿತು. ಅಂಗಿಯ ಕಾಲರ್ ಸವೆದಿದೆ, ಎರಡು ಗುಂಡಿ ಇಲ್ಲ, ಎಡಗಡೆ ಜೇಬಿನ ಹೊಲಿಗೆ ಬಿಟ್ಟಿದೆ. ಜೇಬಿಗೆ ಕೈ ಹಾಕಿದರೆ ಹತ್ತಿಯ ಎರಡು ಪುಟ್ಟ ಉಂಡೆ ಸಿಕ್ಕವು. ಹಳದಿ ತಿರುಗಿದ್ದವು. ಅವು ಯಾಕೆ ಅಲ್ಲಿದ್ದವು ಅಂತ ಆಗ ಗೊತ್ತಾಗಲಿಲ್ಲ, ಮತ್ತೆ ಜೇಬಿನಲ್ಲೇ ಇಟ್ಟೆ. ಯಾರೂ ಇಲ್ಲದಾಗ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ತೋಳು ಸರಿಯಾಗಿ ಬಂತು. ಹೆಗಲೂ ಬಂತು. ಅಪ್ಪನಿಗೂ ನನಗೂ ಒಂದೇ ಅಳತೆ ಅಂತ ಅವತ್ತೇ ಗೊತ್ತಾಗಿದ್ದು. ಆದರೆ ಒಂದು ನಿಮಿಷವೂ ಅದರೊಳಗೆ ಇರಲು ಆಗಲಿಲ್ಲ. ಬಿಚ್ಚಿಬಿಟ್ಟೆ. ನಾನು ಇಪ್ಪತ್ತೈದು ವರ್ಷದಿಂದ ಬೆಂಗಳೂರಿನ ಎ.ಸಿ. ಆಫೀಸಿನಲ್ಲಿ ಕೂತು ಕೆಲಸ ಮಾಡುವವನು. ಈ ಅಂಗಿ ಹಾಕಿಕೊಳ್ಳುವ ಹಕ್ಕು ನನಗೆ ಇದೆಯಾ?

ಆಗ ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನೆನಪಾದ. ಏಕವಚನದಲ್ಲೇ ಕರೆಯುತ್ತೇನೆ, ಅಷ್ಟು ವರ್ಷದಿಂದ ಜೊತೆಗಿದ್ದಾನೆ. 2017ರ ಅಕ್ಟೋಬರ್‌ನಿಂದ 2018ರ ಡಿಸೆಂಬರ್ ತನಕ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ, ವಾಲ್ಟರ್ ಕೆರ್ ಥಿಯೇಟರಿನಲ್ಲಿ, ಆತ 236 ಪ್ರದರ್ಶನ ಕೊಟ್ಟ. ಒಬ್ಬನೇ, ಒಂದು ಗಿಟಾರು, ಒಂದು ಪಿಯಾನೊ. ಹೆಂಡತಿ ಪ್ಯಾಟಿ ಸ್ಕಿಯಾಲ್ಫಾ ನಡುವೆ ಬಂದು ಒಂದೆರಡು ಹಾಡಿಗೆ ದನಿ ಸೇರಿಸುತ್ತಿದ್ದಳು. ಮಿಕ್ಕಂತೆ ಮಾತು, ಹಾಡು, ಮಾತು. ಅದರ ವಿಡಿಯೊವನ್ನು ನಾನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇನೋ. ಶುರುವಿನಲ್ಲೇ ಆತ ಒಂದು ಮಾತು ಒಪ್ಪಿಕೊಳ್ಳುತ್ತಾನೆ. ತಾನು ಜೀವನದಲ್ಲಿ ಕೂಲಿ ಮಾಡಿದವನಲ್ಲ, ಒಂಬತ್ತರಿಂದ ಐದರ ಕೆಲಸಕ್ಕೆ ಹೋದವನಲ್ಲ, ಫ್ಯಾಕ್ಟರಿಯ ಒಳಗೆ ಹೇಗಿರುತ್ತದೆ ಅಂತ ಕಂಡವನಲ್ಲ. ಆದರೂ ಇಷ್ಟು ವರ್ಷ ಬರೆದದ್ದೆಲ್ಲ ಅದರ ಬಗ್ಗೆಯೇ ಅಂತ. ಜನ ನಗುತ್ತಾರೆ. ಅವನೂ ನಗುತ್ತಾನೆ. ಅದೇ ಸಂಜೆ ಸ್ವಲ್ಪ ಹೊತ್ತಿನ ನಂತರ ಇನ್ನೊಂದು ಮಾತು ಬರುತ್ತದೆ. ಹಾಡಲು ಒಂದು ದನಿ ಹುಡುಕಿದಾಗ ಅವನಿಗೆ ಸಿಕ್ಕಿದ್ದು ಅಪ್ಪನ ದನಿಯಂತೆ. ಅದಕ್ಕೇ ಅಪ್ಪನ ಕೆಲಸದ ಬಟ್ಟೆ ತೊಟ್ಟು ಹಾಡಲು ಹೋದನಂತೆ. ಆಗ ಯಾರೂ ನಗುವುದಿಲ್ಲ.

ಅವತ್ತು ಕನ್ನಡಿ ಮುಂದೆ ನಿಂತಾಗಿನಿಂದ ಈ ಎರಡು ಮಾತು ನನ್ನನ್ನು ಬಿಟ್ಟಿಲ್ಲ. ದುಡಿಯದವನು ದುಡಿದವನ ಹಾಡು ಹಾಡಬಹುದಾ? ಹಾಡಿದರೆ ಅದು ನಿಜವಾ?

ಕತ್ತಲಲ್ಲಿ ಕೂತವರು

ನ್ಯೂಜೆರ್ಸಿಯ ಫ್ರೀಹೋಲ್ಡ್ ಅನ್ನುವ ಊರು. 1949ರಲ್ಲಿ ಹುಟ್ಟಿದ ಬ್ರೂಸ್ ಅಲ್ಲಿ ಬೆಳೆದ. ಊರಿನಲ್ಲಿ ರತ್ನಗಂಬಳಿ ನೇಯುವ ದೊಡ್ಡ ಮಿಲ್ಲಿತ್ತು. ಅಪ್ಪ ಡಗ್ಲಸ್ ಅಲ್ಲಿ ಕೆಲಸ ಮಾಡಿದ, ಬಿಟ್ಟ. ಫೋರ್ಡ್ ಕಾರಿನ ಕಾರ್ಖಾನೆಗೆ ಹೋದ, ಜೈಲಿನಲ್ಲಿ ಕಾವಲಿಗಿದ್ದ, ಬಸ್ಸು ಓಡಿಸಿದ. ಯಾವುದೂ ಬಹಳ ದಿನ ನಿಲ್ಲಲಿಲ್ಲ. ಅಮ್ಮ ಅಡೀಲ್ ಮಾತ್ರ ವಕೀಲರ ಆಫೀಸಿನಲ್ಲಿ ಸೆಕ್ರೆಟರಿಯಾಗಿ ದಿನವೂ ತಪ್ಪದೆ ಹೋಗಿ ಬರುತ್ತಿದ್ದಳು. ಮನೆ ನಡೆದದ್ದು ಅವಳಿಂದ. ಸಾಲ ಮಾಡಿ ಮಗನಿಗೆ ಅರವತ್ತು ಡಾಲರಿನ ಗಿಟಾರು ಕೊಡಿಸಿದ್ದೂ ಅವಳೇ. ಅಪ್ಪನಿಗೆ ಆ ಗಿಟಾರನ್ನು ಕಂಡರೆ ಆಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕಾರ್ಯಕ್ರಮಗಳಲ್ಲಿ ಬ್ರೂಸ್ ಹಾಡುಗಳ ನಡುವೆ ಗಿಟಾರು ಮೆಲ್ಲಗೆ ಮೀಟುತ್ತಾ ಮನೆಯ ಕಥೆ ಹೇಳುತ್ತಿದ್ದ. ರಾತ್ರಿಯಾದರೆ ಅಪ್ಪ ಮನೆಯ ದೀಪವೆಲ್ಲ ಆರಿಸಿ, ಮುಂಬಾಗಿಲಿಗೆ ಚಿಲಕ ಹಾಕಿ, ಅಡುಗೆಮನೆಯಲ್ಲಿ ಕೂರುತ್ತಿದ್ದನಂತೆ. ಬಿಯರು, ಸಿಗರೇಟು, ಕತ್ತಲು. ಹೊರಗಿನಿಂದ ಬಂದ ಮಗ ಅಡುಗೆಮನೆಯ ಮೂಲಕವೇ ಒಳಗೆ ಬರಬೇಕು. ಕತ್ತಲಲ್ಲಿ ಸಿಗರೇಟಿನ ತುದಿಯ ಕೆಂಪು ಮಾತ್ರ ಕಾಣುತ್ತಿತ್ತು. ಅಪ್ಪ ಕರೆದು ಕೂರಿಸಿ, ನೀನು ಏನು ಮಾಡಬೇಕು ಅಂದುಕೊಂಡಿದ್ದೀಯ ಅಂತ ಕೇಳುತ್ತಿದ್ದ. ಸ್ವಲ್ಪ ಹೊತ್ತಿಗೆ ಜಗಳ. ಅಮ್ಮ ಓಡಿ ಬಂದು ಬಿಡಿಸಬೇಕು.

ಇದನ್ನು ಮೊದಲು ಕೇಳಿದಾಗ ನನಗೆ ಇದು ದೂರದ ದೇಶದ ಕಥೆ ಅನ್ನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಅಡುಗೆಮನೆಯ ಬದಲು ಪಡಸಾಲೆ, ಸಿಗರೇಟಿನ ಬದಲು ಬೀಡಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಮಿಲ್ಲಿನ ಕೂಗು ಕೇಳಿಯೇ ಓಣಿಯ ಗಡಿಯಾರಗಳು ಸರಿಯಾಗುತ್ತಿದ್ದವು. ಅಪ್ಪ ಪಾಳಿ ಮುಗಿಸಿ ಬಂದರೆ ತಲೆ ತುಂಬ ಹತ್ತಿಯ ಧೂಳು, ಹುಬ್ಬು ಕೂಡ ಬೆಳ್ಳಗೆ. ಸ್ನಾನ ಮಾಡಿ, ಉಂಡು, ಪಡಸಾಲೆಯ ಗೋಡೆಗೆ ಒರಗಿ ಕೂರುತ್ತಿದ್ದರು. ಕಣ್ಣು ಉರಿಯುತ್ತದೆ ಅಂತ ಲೈಟು ಹಾಕಲು ಬಿಡುತ್ತಿರಲಿಲ್ಲ. ನಾನು ಹತ್ತಿರ ಹೋಗಿ, ಅಪ್ಪಾ ನಾಳೆ ಫೀಸು ಕಟ್ಟಬೇಕು, ಅಪ್ಪಾ ಪುಸ್ತಕ ತರಬೇಕು ಅನ್ನುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ. ಎರಡನೇ ಸಲ ಕೇಳುವ ಧೈರ್ಯ ನನಗಿರಲಿಲ್ಲ. ಅಮ್ಮ ಮಾತ್ರ ಹಾಗಲ್ಲ. ಸೀದಾ ಬಂದು ಲೈಟು ಹಾಕುತ್ತಿದ್ದಳು. ಎದುರಿಗೆ ನಿಂತು ಎರಡು ಮಾತು ಆಡಿ, ಉತ್ತರ ತೆಗೆದುಕೊಂಡು, ಮತ್ತೆ ಲೈಟು ಆರಿಸಿ ಒಳಗೆ ಹೋಗುತ್ತಿದ್ದಳು. ಅವಳಿಗೆ ಮಾತ್ರ ಉತ್ತರ ಸಿಗುತ್ತದೆ ಅಂತ ನನಗೆ ಒಳಗೊಳಗೇ ಹೊಟ್ಟೆಯುರಿ.

ಮಿಲ್ಲು ಮುಚ್ಚಿದ ಮೇಲೆ ಅಪ್ಪ ಆ ಗೋಡೆಯ ಹತ್ತಿರ ಹಗಲೂ ಕೂರತೊಡಗಿದರು. ಕೊಡಬೇಕಾದ ಬಾಕಿಯಲ್ಲಿ ಅರ್ಧ ಬಂತು, ಅರ್ಧ ಬರಲಿಲ್ಲ. ನನಗಾಗ ಹದಿನೈದು ವರ್ಷ.

ಹಾಸ್ಟೆಲ್ಲಿನ ಆ ರಾತ್ರಿ

ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಸೇರಿದಾಗ ನನಗೆ ರಾಕ್ ಸಂಗೀತದ ಗಂಧಗಾಳಿ ಇರಲಿಲ್ಲ. ಸೀನಿಯರ್ ಒಬ್ಬರ ಹತ್ತಿರ ಪೆಟ್ಟಿಗೆ ತುಂಬ ಕ್ಯಾಸೆಟ್ಟು. ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಕಾಪಿ ಮಾಡಿಕೊಡುತ್ತಿದ್ದರು. ಹಾಗೆ ನನ್ನ ಕೈಗೆ ಬಂದದ್ದು ಬ್ರೂಸ್‌ನ ಹತ್ತು ವರ್ಷದ ನೇರ ಕಾರ್ಯಕ್ರಮಗಳ ಸಂಗ್ರಹ, 1986ರಲ್ಲಿ ಹೊರಬಂದದ್ದು. ಒಂದು ರಾತ್ರಿ ರೂಮಿನಲ್ಲಿ ಎಲ್ಲರೂ ಮಲಗಿದ ಮೇಲೆ ವಾಕ್‌ಮನ್ ಕಿವಿಗೆ ಹಾಕಿಕೊಂಡು ಕೇಳುತ್ತಾ ಇದ್ದೆ. ಇಂಗ್ಲಿಷ್ ಹಾಡಿನ ಸಾಲು ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೆ 'ದ ರಿವರ್' ಹಾಡಿಗೆ ಮುಂಚೆ ಆತ ಬರೀ ಮಾತಾಡುತ್ತಾನೆ. ನಿಧಾನವಾಗಿ, ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಅದು ಲಾಸ್ ಏಂಜಲೀಸ್‌ನ ದೊಡ್ಡ ಸ್ಟೇಡಿಯಂ, 1985ರ ಸೆಪ್ಟೆಂಬರ್. ಅಷ್ಟು ಜನರ ಮಧ್ಯೆ ಒಬ್ಬ ಮಗ ತನ್ನ ಅಪ್ಪನ ಬಗ್ಗೆ ಮಾತಾಡುತ್ತಿದ್ದಾನೆ.

ಕಥೆ ಹೀಗಿದೆ. ಹುಡುಗ ಉದ್ದ ಕೂದಲು ಬಿಟ್ಟಿದ್ದ. ಅಪ್ಪನಿಗೆ ಅದು ಸೇರುವುದಿಲ್ಲ. ಜಗಳ ಜಾಸ್ತಿಯಾಗಿ ಹುಡುಗ ಮನೆಯಿಂದ ಹೊರಗೇ ಇರುತ್ತಿದ್ದ. ಚಳಿಗಾಲದ ರಾತ್ರಿ ಫೋನ್ ಬೂತಿನಲ್ಲಿ ನಿಂತು ಗೆಳತಿಯ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದ. ಒಮ್ಮೆ ಮೋಟರ್‌ಸೈಕಲ್ ಅಪಘಾತವಾಗಿ ಹಾಸಿಗೆ ಹಿಡಿದಾಗ ಅಪ್ಪ ಮನೆಗೇ ಕ್ಷೌರದವನನ್ನು ಕರೆಸಿ ಕೂದಲು ಕತ್ತರಿಸಿದ. ಹುಡುಗ ಅವತ್ತು ಅಪ್ಪನಿಗೆ, ನಿನ್ನನ್ನು ದ್ವೇಷಿಸುತ್ತೇನೆ, ಇದನ್ನು ಯಾವತ್ತೂ ಮರೆಯುವುದಿಲ್ಲ ಅಂದ. ಅಪ್ಪ ಹೇಳುತ್ತಿದ್ದದ್ದು ಒಂದೇ. ಸೈನ್ಯದವರು ನಿನ್ನನ್ನು ಎಳೆದುಕೊಂಡು ಹೋಗಲಿ, ಆಗ ನಿನ್ನನ್ನು ಗಂಡಸು ಮಾಡುತ್ತಾರೆ.

ಅದು ವಿಯೆಟ್ನಾಂ ಯುದ್ಧದ ಕಾಲ. ಓಣಿಯ ಹುಡುಗರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಬ್ರೂಸ್‌ನ ಶುರುವಿನ ಬ್ಯಾಂಡುಗಳಲ್ಲಿ ಒಂದು 'ಕ್ಯಾಸ್ಟೀಲ್ಸ್'. ಅದರ ಡ್ರಮ್ಮರ್ ಬಾರ್ಟ್ ಹೇನ್ಸ್ ಸೈನ್ಯದ ಸಮವಸ್ತ್ರದಲ್ಲಿ ಬಂದು ಹೋಗಿಬರುತ್ತೇನೆ ಅಂದ. ಹೋಗುತ್ತಿರುವ ದೇಶ ಎಲ್ಲಿದೆ ಅಂತಲೂ ಅವನಿಗೆ ತಿಳಿದಿರಲಿಲ್ಲ. 1967ರಲ್ಲಿ ಅಲ್ಲೇ ಸತ್ತ. ಆಮೇಲೆ ಬ್ರೂಸ್‌ಗೂ ಕಾಗದ ಬಂತು. ಮನೆಯಲ್ಲಿ ಹೇಳಲಿಲ್ಲ. ದೈಹಿಕ ಪರೀಕ್ಷೆಯ ದಿನ ಗೆಳೆಯರ ಜೊತೆ ಬಸ್ಸು ಹತ್ತಿದ. ಎಲ್ಲರಿಗೂ ಭಯ. ಪರೀಕ್ಷೆಯಲ್ಲಿ ಅವನು ಫೇಲಾದ. ಈ ಮಾತಿಗೆ ಸ್ಟೇಡಿಯಂ ಪೂರ್ತಿ ಚಪ್ಪಾಳೆ ಹೊಡೆಯುತ್ತದೆ. ಆತ ತಣ್ಣಗೆ, ಚಪ್ಪಾಳೆ ಹೊಡೆಯುವ ವಿಷಯ ಅಲ್ಲ ಇದು ಅನ್ನುತ್ತಾನೆ. ಅವನ ಬದಲು ಹೋದ ಯಾವನೋ ಒಬ್ಬ ಇದ್ದೇ ಇದ್ದಾನಲ್ಲ.

ಮೂರು ದಿನ ಹೊರಗಿದ್ದು ಮನೆಗೆ ಬಂದ. ಅಡುಗೆಮನೆಯಲ್ಲಿ ಅಪ್ಪ ಅಮ್ಮ ಕೂತಿದ್ದರು. ಅಪ್ಪ, ಎಲ್ಲಿ ಹೋಗಿದ್ದೆ ಅಂತ ಕೇಳಿದ. ಪರೀಕ್ಷೆಗೆ ಅಂದ ಮಗ. ಏನಾಯಿತು? ತಗೊಳ್ಳಲಿಲ್ಲ. ಅಪ್ಪ ಅಂದ: ಒಳ್ಳೇದಾಯ್ತು.

ಅಷ್ಟೇ. ಅಷ್ಟು ಹೇಳಿ ಹಾರ್ಮೋನಿಕಾ ಎತ್ತಿಕೊಳ್ಳುತ್ತಾನೆ.

ನಾನು ಕ್ಯಾಸೆಟ್ ನಿಲ್ಲಿಸಿ ಹಾಸ್ಟೆಲ್ಲಿನ ಟೆರೇಸಿಗೆ ಹೋಗಿ ಕೂತೆ. ಮಾತಿನ ಅರ್ಥ ಹುಡುಕಬೇಕಾಗಿರಲಿಲ್ಲ. ಸೀಟು ಸಿಕ್ಕಿತು ಅಂತ ಓಡಿ ಬಂದು ಹೇಳಿದಾಗ ನನ್ನ ಅಪ್ಪ ಅಂದದ್ದು ಎರಡೇ ಪದ. "ಆತು ಬಿಡು." ಆ ಎರಡು ಪದದ ಮೇಲೆ ನಾನು ವರ್ಷಗಟ್ಟಲೆ ಮುನಿಸಿಕೊಂಡಿದ್ದೆ. ಅವತ್ತು ಟೆರೇಸಿನಲ್ಲಿ ಮೊದಲ ಸಲ ಅನ್ನಿಸಿತು. ಅಪ್ಪನ ಹತ್ತಿರ ಇದ್ದ ಮಾತೇ ಅಷ್ಟು. ಇದ್ದದ್ದನ್ನೆಲ್ಲ ಕೊಟ್ಟಿದ್ದರು.

ಅಪ್ಪ ಅಮ್ಮ ಹೋದರು, ಮಗ ಉಳಿದ

1969ರಲ್ಲಿ ಡಗ್ಲಸ್ ಮತ್ತು ಅಡೀಲ್ ಕಿರಿಮಗಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಹತ್ತೊಂಬತ್ತರ ಬ್ರೂಸ್ ಅವರ ಜೊತೆ ಹೋಗಲಿಲ್ಲ. ಸಮುದ್ರ ತೀರದ ಆಸ್ಬರಿ ಪಾರ್ಕ್ ಅವನ ಊರಾಯಿತು. ಆಗಿನ ಅವನ ಬ್ಯಾಂಡಿನ ಹೆಸರು 'ಸ್ಟೀಲ್ ಮಿಲ್'. ಮ್ಯಾನೇಜರ್ ನಡೆಸುತ್ತಿದ್ದ ಸರ್ಫ್‌ಬೋರ್ಡ್ ತಯಾರಿಸುವ ಜಾಗದಲ್ಲೇ ಅವರ ವಾಸ, ಅಲ್ಲೇ ತಾಲೀಮು. 1972ರ ಮೇ ತಿಂಗಳಲ್ಲಿ ಕೊಲಂಬಿಯಾ ಕಂಪನಿಯ ಜಾನ್ ಹ್ಯಾಮಂಡ್ ಮುಂದೆ ಒಂದು ಗಿಟಾರು ಹಿಡಿದು ಹಾಡಿದ. ಬಿಲ್ಲಿ ಹಾಲಿಡೇ, ಬಾಬ್ ಡೈಲನ್ ಅಂಥವರನ್ನು ಗುರುತಿಸಿದ ಕಿವಿ ಹ್ಯಾಮಂಡ್‌ದು. ಒಪ್ಪಂದವಾಯಿತು. 1973ರಲ್ಲಿ ಎರಡು ಆಲ್ಬಂ ಬಂದವು. ಎರಡೂ ಆಗ ಹೆಚ್ಚು ಮಾರಾಟವಾಗಲಿಲ್ಲ. ಮೂರನೆಯದು ಕೊನೇ ಅವಕಾಶ ಅನ್ನುವ ಸ್ಥಿತಿ. 'ಬಾರ್ನ್ ಟು ರನ್' ಹಾಡೊಂದನ್ನು ತಿದ್ದಲು ಆರು ತಿಂಗಳು ಹಿಡಿಯಿತು. 1975ರ ಆಗಸ್ಟಿನಲ್ಲಿ ಆಲ್ಬಂ ಬಂತು. ಅಕ್ಟೋಬರಿನಲ್ಲಿ ಒಂದೇ ವಾರ 'ಟೈಮ್' ಮತ್ತು 'ನ್ಯೂಸ್‌ವೀಕ್' ಎರಡರ ಮುಖಪುಟದಲ್ಲೂ ಅವನ ಚಿತ್ರ. ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಆಮೇಲಿನ ಮೂರು ವರ್ಷ. ಆಮೇಲೆ ಬಂದಿದ್ದ ಇನ್ನೊಬ್ಬ ಮ್ಯಾನೇಜರ್ ಜೊತೆ ಕೋರ್ಟು ವ್ಯಾಜ್ಯ ಶುರುವಾಯಿತು. ಸ್ಟುಡಿಯೊಗೆ ಕಾಲಿಡುವಂತಿರಲಿಲ್ಲ. ಹೆಸರು ಬಂದ ಮೇಲೆ ಮನುಷ್ಯ ಎಲ್ಲಿ ಬೇಕಾದರೂ ಹೋಗಬಹುದಿತ್ತು. ಇವನು ಹಿಂದಕ್ಕೆ ತಿರುಗಿದ. ಊರು ಬಿಟ್ಟು ಓಡುವ ಹಾಡು ಬರೆದವನು ಊರಿನಲ್ಲೇ ಉಳಿದವರ ಬಗ್ಗೆ ಬರೆಯತೊಡಗಿದ. 1978ರ 'ಡಾರ್ಕ್‌ನೆಸ್ ಆನ್ ದಿ ಎಡ್ಜ್ ಆಫ್ ಟೌನ್' ಆಲ್ಬಂನಲ್ಲಿ 'ಫ್ಯಾಕ್ಟರಿ' ಅನ್ನುವ ಪುಟ್ಟ ಹಾಡಿದೆ. ಎರಡೂಕಾಲು ನಿಮಿಷ. ಬೆಳಗಿನ ಸೈರನ್, ಬುತ್ತಿ, ಮಳೆಯಲ್ಲಿ ಗೇಟಿನ ತನಕ ನಡೆಯುವ ಅಪ್ಪ. ಫ್ಯಾಕ್ಟರಿ ಅವನ ಕಿವಿ ಕಿತ್ತುಕೊಂಡು ಬದುಕು ಕೊಡುತ್ತದೆ ಅನ್ನುವ ಅರ್ಥದ ಒಂದು ಮಾತು ಅದರಲ್ಲಿ ಬರುತ್ತದೆ. ಹಾಸ್ಟೆಲ್ಲಿನಲ್ಲಿ ಈ ಹಾಡು ನೂರು ಸಲ ಕೇಳಿರಬಹುದು. ಆ ಸಾಲು ಪ್ರತಿ ಸಲ ಸುಮ್ನೆ ದಾಟಿ ಹೋಯಿತು.

ನಾಲ್ಕು ಟ್ರ್ಯಾಕಿನ ಪೆಟ್ಟಿಗೆ

ಅವನ ಇಡೀ ಬದುಕಿನಲ್ಲಿ ಒಂದೇ ಒಂದು ದಿನವನ್ನು ಹತ್ತಿರ ನಿಂತು ನೋಡಬಹುದು ಅಂದರೆ ನಾನು 1982ರ ಜನವರಿ 3 ಅನ್ನು ಆರಿಸಿಕೊಳ್ಳುತ್ತೇನೆ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿ ಒಂದು ಬಾಡಿಗೆ ಮನೆ, ಅದರ ಮಲಗುವ ಕೋಣೆ. 'ದ ರಿವರ್' ಆಲ್ಬಂನ ದೊಡ್ಡ ಪ್ರವಾಸ ಮುಗಿಸಿ ಬಂದಿದ್ದ. ದುಡ್ಡು ಬಂದಿತ್ತು. ಸಂಸಾರ ಇರಲಿಲ್ಲ. ರಾತ್ರಿ ಹೊತ್ತು ಕಾರು ತೆಗೆದುಕೊಂಡು ಫ್ರೀಹೋಲ್ಡ್‌ಗೆ ಹೋಗಿ, ಚಿಕ್ಕಂದಿನ ಮನೆಗಳ ಮುಂದೆ ಸುಮ್ಮನೆ ಸುತ್ತಿ ಬರುತ್ತಿದ್ದ. ಇದು ವರ್ಷಗಳಿಂದ ಇದ್ದ ಅಭ್ಯಾಸ. ಹೊಸ ಹಾಡುಗಳನ್ನು ಬ್ಯಾಂಡಿಗೆ ಕಲಿಸಲು ಒಂದು ಮಾದರಿ ಬೇಕಿತ್ತು. ಸ್ಟುಡಿಯೊದಲ್ಲಿ ಕೂತು ಹಾಡು ಹುಡುಕುವುದಕ್ಕೆ ದುಡ್ಡು ಜಾಸ್ತಿ. ಹಾಗಾಗಿ ಅವನ ಗಿಟಾರ್ ನೋಡಿಕೊಳ್ಳುವ ಮೈಕ್ ಬ್ಯಾಟ್ಲನ್‌ಗೆ ಒಂದು ಯಂತ್ರ ತರಲು ಹೇಳಿದ. ಬಂದದ್ದು ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೊ. ನಾವೆಲ್ಲ ಬಳಸುತ್ತಿದ್ದ ಮಾಮೂಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ರೆಕಾರ್ಡ್ ಮಾಡುವ ಪೆಟ್ಟಿಗೆ. ಎರಡು ಮೈಕು. ದನಿಗೆ ಒಂದು, ಗಿಟಾರಿಗೆ ಒಂದು. ಉಳಿದ ಎರಡು ಟ್ರ್ಯಾಕಿಗೆ ಹಾರ್ಮೋನಿಕಾ, ಇನ್ನೊಂದು ಗಿಟಾರು, ಏನು ಸೇರಿಸಬೇಕೋ ಅದು. ಹೆಚ್ಚಿನ ಹಾಡುಗಳು ಆ ಒಂದೇ ದಿನದ್ದು. ಅದನ್ನೆಲ್ಲ ಮಿಶ್ರ ಮಾಡಿ ಇಳಿಸಿಕೊಂಡದ್ದು ಹಿಂದೊಮ್ಮೆ ನೀರಿಗೆ ಬಿದ್ದು ಕೆಟ್ಟು, ಆಮೇಲೆ ತಾನಾಗಿ ಸರಿಯಾಗಿದ್ದ ಪ್ಯಾನಸೋನಿಕ್ ಟೇಪ್ ರೆಕಾರ್ಡರಿಗೆ.

ಆ ಕ್ಯಾಸೆಟ್ಟನ್ನು ಡಬ್ಬಿ ಕೂಡ ಇಲ್ಲದೆ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ವಾರಗಟ್ಟಲೆ ತಿರುಗಿದ. ಬ್ಯಾಂಡಿನ ಜೊತೆ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಅವೇ ಹಾಡುಗಳನ್ನು ಮತ್ತೆ ಮಾಡಿದರು. ಶಬ್ದ ಚೆನ್ನಾಗಿ ಬಂತು, ಹಾಡು ಸತ್ತುಹೋಯಿತು. ಕೊನೆಗೆ ಜೇಬಿನಿಂದ ಆ ಕ್ಯಾಸೆಟ್ ತೆಗೆದು, ಇದನ್ನೇ ಹೊರತನ್ನಿ ಅಂದ. ಕ್ಯಾಸೆಟ್ಟಿನ ಮಂಕು ಶಬ್ದವನ್ನು ಡಿಸ್ಕಿಗೆ ಇಳಿಸಲು ತಂತ್ರಜ್ಞರು ಒದ್ದಾಡಿಹೋದರು. 1982ರ ಸೆಪ್ಟೆಂಬರ್ 30ಕ್ಕೆ 'ನೆಬ್ರಾಸ್ಕ' ಬಂತು. ಪ್ರವಾಸ ಇಲ್ಲ, ಸಂದರ್ಶನ ಇಲ್ಲ.

ಇದನ್ನು ಕೇಳುವಾಗ ಆ ಕೋಣೆಯೇ ಕೇಳಿಸುತ್ತದೆ. ಕುರ್ಚಿ ಕಿರುಗುಟ್ಟುವುದು ಕೂಡ. ಅದರಲ್ಲಿ ಕೊಲೆಗಾರರಿದ್ದಾರೆ, ಕೆಲಸ ಕಳೆದುಕೊಂಡು ಬಂದೂಕು ಹಿಡಿದವರಿದ್ದಾರೆ. ಆದರೆ ನಾನು ಮತ್ತೆ ಮತ್ತೆ ಹೋಗುವುದು ಕೊನೆಯ ಹಿಂದಿನ ಹಾಡಿಗೆ, 'ಮೈ ಫಾದರ್ಸ್ ಹೌಸ್'ಗೆ. ಕನಸಿನಲ್ಲಿ ಅಪ್ಪನ ಮನೆಗೆ ಓಡುವ ಮಗು. ಎಚ್ಚರವಾದ ಮೇಲೆ ನಿಜವಾಗಿಯೂ ಹೋಗಿ ಬಾಗಿಲು ಬಡಿದರೆ, ಆ ಹೆಸರಿನವರು ಇಲ್ಲಿಲ್ಲ ಅನ್ನುತ್ತಾಳೆ ಯಾರೋ ಹೆಂಗಸು. ಮುಂದೆ ಇದೇ ಹಾಡಿಗೆ ಮುಂಚೆ ವೇದಿಕೆಯ ಮೇಲೆ ಆತ ಇನ್ನೊಂದು ಕಥೆ ಹೇಳಿದ. ರಾತ್ರಿ ಹಳೇ ಮನೆಯ ಮುಂದೆ ಸುತ್ತುವ ಅಭ್ಯಾಸದ ಬಗ್ಗೆ ಡಾಕ್ಟರ ಹತ್ತಿರ ಹೇಳಿಕೊಂಡನಂತೆ. ಅಲ್ಲಿ ಏನೋ ಕೆಟ್ಟಿದೆ, ಅದನ್ನು ಸರಿಮಾಡಲು ನೀನು ಮತ್ತೆ ಮತ್ತೆ ಹೋಗುತ್ತೀಯ, ಆದರೆ ಸರಿಮಾಡಲು ಆಗುವುದಿಲ್ಲ ಅಂದರಂತೆ ಡಾಕ್ಟರು. 'ನೆಬ್ರಾಸ್ಕ' ಮುಗಿಸಿ ಕಾರಿನಲ್ಲಿ ದೇಶ ದಾಟುವಾಗ, ಟೆಕ್ಸಾಸ್‌ನ ಯಾವುದೋ ಪುಟ್ಟ ಊರಿನ ಜಾತ್ರೆಯಲ್ಲಿ ಜನ ಕುಣಿಯುವುದನ್ನು ನೋಡುತ್ತಾ ನಿಂತವನಿಗೆ ಒಳಗೆ ಏನೋ ಕುಸಿಯಿತು. ಚಿಕಿತ್ಸೆಗೆ ಹೋಗತೊಡಗಿದ್ದು ಆಮೇಲೆ. ಖಿನ್ನತೆ ಅವನನ್ನು ಅರವತ್ತು ದಾಟಿದ ಮೇಲೂ ಬಿಡಲಿಲ್ಲ. 2016ರ ಆತ್ಮಕಥೆಯಲ್ಲಿ ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾನೆ. ವಯಸ್ಸಾದ ಮೇಲೆ ಅವನ ಅಪ್ಪನಿಗೂ ಮಾನಸಿಕ ಕಾಯಿಲೆ ಇದೆ ಅಂತ ತಿಳಿಯಿತು. ಅಡುಗೆಮನೆಯ ಕತ್ತಲಿಗೆ ಹೆಸರು ಸಿಗಲು ಅಷ್ಟು ವರ್ಷ ಬೇಕಾಯಿತು.

1984ರ 'ಬಾರ್ನ್ ಇನ್ ದ ಯು.ಎಸ್.ಎ.' ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಲೋಕಕ್ಕೆಲ್ಲ ಅದೇ ಗೊತ್ತು. ಕೋಟಿಗಟ್ಟಲೆ ಮಾರಾಟವಾಯಿತು, ಏಳು ಹಾಡು ಅಮೆರಿಕದ ಟಾಪ್ ಹತ್ತರಲ್ಲಿ ಕೂತವು. ಯುದ್ಧದಿಂದ ಬಂದು ಕೆಲಸ ಸಿಗದೆ ಅಲೆಯುವವನ ಸಿಟ್ಟನ್ನು ಜನ ದೇಶಭಕ್ತಿಯ ಘೋಷಣೆ ಅಂತ ಕೇಳಿಸಿಕೊಂಡರು. ಚುನಾವಣೆ ಪ್ರಚಾರದಲ್ಲಿ ಅಧ್ಯಕ್ಷ ರೇಗನ್ ಅವನ ಹೆಸರು ಎತ್ತಿದರು. ಅದಕ್ಕೆ ಅವನು ಕೊಟ್ಟ ಉತ್ತರ ಪಿಟ್ಸ್‌ಬರ್ಗ್‌ನ ವೇದಿಕೆಯಲ್ಲಿ, ಕಾರ್ಖಾನೆ ಮುಚ್ಚಿ ಹಾಳಾದವನೊಬ್ಬನ ಹಾಡು, 'ಜಾನಿ 99'. ಅದೂ 'ನೆಬ್ರಾಸ್ಕ'ದ್ದೇ. ಆ ಪ್ರವಾಸದಲ್ಲಿ ಕೆಲಸ ಕಳೆದುಕೊಂಡ ಉಕ್ಕು ಕಾರ್ಮಿಕರ ಅನ್ನದ ನಿಧಿಗೆ ದುಡ್ಡು ಕೊಟ್ಟ. 1988ರ ಸೆಪ್ಟೆಂಬರ್ 30ರಂದು ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂನಲ್ಲೂ ಹಾಡಿದ. ಆಮ್ನೆಸ್ಟಿಯ ಮಾನವ ಹಕ್ಕುಗಳ ಪ್ರವಾಸ ಅದು. ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್ಮನ್ ಜೊತೆಗಿದ್ದರು. ನಾನಾಗ ಹತ್ತು ದಾಟಿದ ಹುಡುಗ. ಅವತ್ತು ದಾವಣಗೆರೆಯಲ್ಲಿ ಅಪ್ಪ ಯಾವ ಪಾಳಿಯಲ್ಲಿದ್ದರೋ.

ಒಂದು ಮಾತು ಹೇಳಲೇಬೇಕು. 2021ರಲ್ಲಿ ಆತ ತನ್ನ ಹಾಡುಗಳನ್ನೆಲ್ಲ ಸೋನಿ ಕಂಪನಿಗೆ ಮಾರಿದ. ಸುಮಾರು 50 ಕೋಟಿ ಡಾಲರ್ ಅಂತ ಪತ್ರಿಕೆಗಳು ಬರೆದವು. ಮರುವರ್ಷ ಪ್ರವಾಸದ ಟಿಕೆಟ್ ಮಾರಾಟ ಶುರುವಾದಾಗ ಬೇಡಿಕೆ ನೋಡಿ ದರ ಏರಿಸುವ ಪದ್ಧತಿ ಇತ್ತು, ಕೆಲವು ಸೀಟು ಸಾವಿರಾರು ಡಾಲರ್ ಮುಟ್ಟಿದವು. 1980ರಿಂದ ಅವನನ್ನೇ ನಂಬಿ ನಡೆದಿದ್ದ 'ಬ್ಯಾಕ್‌ಸ್ಟ್ರೀಟ್ಸ್' ಅನ್ನುವ ಅಭಿಮಾನಿ ಪತ್ರಿಕೆ ಆ ಬೇಸರದಲ್ಲಿ ನಿಂತುಹೋಯಿತು. ನನಗೂ ನೋವಾಯಿತು. ಮಿಲ್ಲಿನವನ ಹಾಡನ್ನು ಮಿಲ್ಲಿನವನ ಮಗ ಕೊಳ್ಳಲಾಗದ ಬೆಲೆಗೆ ಹಾಡುವುದು ಸರಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಯಾವ ಡಿಪಾರ್ಟ್‌ಮೆಂಟು?

1990ರಲ್ಲಿ ಬ್ರೂಸ್‌ಗೆ ಮೊದಲ ಮಗು ಹುಟ್ಟುವುದಿತ್ತು. ಅವನಾಗ ಲಾಸ್ ಏಂಜಲೀಸ್‌ನಲ್ಲಿದ್ದ. ಅದಕ್ಕೆ ಕೆಲವು ದಿನ ಮುಂಚೆ ಡಗ್ಲಸ್ ಹೇಳದೆ ಕೇಳದೆ ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದ. ಬೆಳಗಿನ ಹೊತ್ತಿಗೇ ಇಬ್ಬರೂ ಬಿಯರ್ ಹಿಡಿದು ಸಣ್ಣ ಮೇಜಿನ ಎದುರು ಕೂತರು. ನೀನು ನಮ್ಮನ್ನು ಚೆನ್ನಾಗಿ ನೋಡಿಕೊಂಡೆ, ನಾನು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ ಅಂದ ಅಪ್ಪ. ನಿನ್ನ ಕೈಲಾದಷ್ಟು ಮಾಡಿದೆ ಅಂದ ಮಗ. ಅಷ್ಟೇ ಮಾತು. 1998ರಲ್ಲಿ ಡಗ್ಲಸ್ ತೀರಿಕೊಂಡ.

ನನ್ನ ಅಪ್ಪನೂ ಒಂದು ಸಲ ಹೀಗೆ ಬಂದಿದ್ದರು. ಒಂದು ಕೈಚೀಲ, ಅದರಲ್ಲಿ ಮಂಡಕ್ಕಿ, ಮಿರ್ಚಿಗೆ ಅಂತ ಹಸಿಮೆಣಸಿನಕಾಯಿ. ನಮ್ಮ ಬೆಂಗಳೂರಿನ ಫ್ಲಾಟಿನ ಬಾಲ್ಕನಿಯಲ್ಲಿ ಲೈಟು ಹಾಕದೆ ಕೂತರು. ನಾನು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದೆ. ಏನನ್ನಿಸಿತೋ, ಇಯರ್‌ಫೋನ್ ತೆಗೆದು ಅಪ್ಪನ ಕಿವಿಗೆ ಇಟ್ಟೆ. ಕೇಳ್ತಿಲ್ಲ ಅಂತ ಕೈ ಆಡಿಸಿದರು. ವಾಲ್ಯೂಮ್ ಪೂರ್ತಿ ಏರಿಸಿದೆ. ಸ್ವಲ್ಪ ಹೊತ್ತು ತಲೆ ಬಗ್ಗಿಸಿ ಕೇಳಿದರು. ಒಳಗೆ ಹೆಂಡತಿ ರೂಮಿನ ಲೈಟು ಹಾಕಿದಳು, ಬೆಳಕು ನಮ್ಮ ಮೇಲೆ ಬಿತ್ತು.

"ಏನಂತ ಹಾಡ್ತಾನೋ ಇವ?"

"ಅವರಪ್ಪನ ಬಗ್ಗೆ ಹಾಡ್ತಾನಪ್ಪ. ಅವರೂ ಮಿಲ್ಲಲ್ಲಿ ಇದ್ರಂತೆ. ಜಮಖಾನದ ಮಿಲ್ಲು."

ಅಪ್ಪ ನನ್ನ ಮುಖ ನೋಡಿ ಕೇಳಿದರು. "ಯಾವ ಡಿಪಾರ್ಟ್‌ಮೆಂಟು?"

ನನಗೆ ಗೊತ್ತಿರಲಿಲ್ಲ. ಬ್ರೂಸ್‌ನ ಅಪ್ಪ ಯಾವ ವಿಭಾಗದಲ್ಲಿದ್ದ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಗೊತ್ತಿಲ್ಲ ಅಂದೆ. ಅಪ್ಪ ತಲೆಯಾಡಿಸಿ ಇಯರ್‌ಫೋನ್ ವಾಪಸ್ ಕೊಟ್ಟರು. ಅವತ್ತು ರಾತ್ರಿ ಮಲಗಿದ ಮೇಲೆ ಹೊಳೆಯಿತು. ನನ್ನ ಸ್ವಂತ ಅಪ್ಪ ಯಾವ ಡಿಪಾರ್ಟ್‌ಮೆಂಟು ಅಂತಲೂ ನನಗೆ ಗೊತ್ತಿಲ್ಲ. ಬೆಳಗ್ಗೆ ಎದ್ದು ಕೇಳಬೇಕು ಅಂದುಕೊಂಡೆ. ಕೇಳಲಿಲ್ಲ. ಮುಂದಿನ ಸಲ ಕೇಳಬಹುದು ಅಂದುಕೊಂಡೆ.

ಅಂಗಿ ಬಿಚ್ಚಿ ಮಡಿಚಿಟ್ಟ ಆ ದಿನ ಸಂಜೆ ಅಮ್ಮನನ್ನು ಕೇಳಿದೆ. ಅವರೆಕಾಳು ಸುಲಿಯುತ್ತಾ ಕೂತಿದ್ದಳು. "ಮೊದಲು ಕಾರ್ಡಿಂಗು, ಆಮೇಲೆ ಪೂರ್ತಿ ರಿಂಗ್ ಫ್ರೇಮು," ಅಂದಳು, ಅದೇನು ದೊಡ್ಡ ವಿಷಯ ಅನ್ನುವ ಹಾಗೆ. ಮೊದಲು ಹತ್ತಿ ಹಿಂಜುವ ವಿಭಾಗ, ಆಮೇಲೆ ನೂಲು ತೆಗೆಯುವ ಮಿಷಿನ್. ಜೇಬಿನಲ್ಲಿದ್ದ ಹತ್ತಿ ಉಂಡೆ ತಂದು ತೋರಿಸಿದೆ. ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಿವಿಗೆ ಹಾಕ್ಕೊಳ್ಳೋರು, ಆ ಮಿಷಿನ್ ಸದ್ದಿಗೆ ಅಂದಳು. ಹಾಕ್ಕೊಂಡ್ರೂ ಉಳೀಲಿಲ್ಲ, ನಲವತ್ತಕ್ಕೇ ಅರ್ಧ ಕಿವಿ ಹೋಗಿತ್ತು ನಿಮ್ಮಪ್ಪಗೆ. ಯಾರಿಗೂ ಹೇಳಬ್ಯಾಡ ಅಂದಿದ್ರು. ಮಿಲ್ನಾಗೆ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ. ನಿಮಗೂ ಹೇಳಬ್ಯಾಡ ಅಂದಿದ್ರು.

'ಫ್ಯಾಕ್ಟರಿ' ಹಾಡಿನ ಆ ಸಾಲು ಆಗ ಬಂದು ಎದೆಗೆ ಬಡಿಯಿತು. ಬ್ರೂಸ್ ರಿಂಗ್ ಫ್ರೇಮ್ ಕಂಡಿಲ್ಲ, ಗೇಟಿನ ಒಳಗೆ ಕಾಲಿಟ್ಟಿಲ್ಲ. ಅವನು ಬರೆದದ್ದು ಗೇಟಿನಿಂದ ಹೊರಬಿದ್ದು ಮನೆಗೆ ಬರುವುದನ್ನು. ಬಾಗಿಲು ದಾಟಿ ಒಳಗೆ ಬಂದು, ಊಟಕ್ಕೆ ಕೂತು, ಮಕ್ಕಳು ಕೂಗಿದರೆ ತಿರುಗದ ಅದನ್ನು. ಆ ಪಾಳಿಯಲ್ಲಿ ಅವನು ಹದಿನೆಂಟು ವರ್ಷ ದುಡಿದಿದ್ದ. ನಾನೂ ದುಡಿದಿದ್ದೆ. ಅವನು ಕಂಡದ್ದನ್ನು ಬರೆದಿಟ್ಟ, ನಾನು ಕಂಡೂ ಸಿಟ್ಟು ಅಂದುಕೊಂಡೆ.

"ಮತ್ತೆ ನಿನ್ನ ಮಾತು ಹೆಂಗೆ ಕೇಳ್ತಿತ್ತು?" ಅಂತ ಅಮ್ಮನನ್ನು ಕೇಳಿದೆ.

"ಎಲ್ಲಿ ಕೇಳ್ತಿತ್ತಪ್ಪ," ಅಂದಳು. "ತುಟಿ ನೋಡೋರು. ಅದಕ್ಕೇ ಅಲ್ವಾ ನಾ ಮೊದ್ಲು ಲೈಟ್ ಹಾಕ್ತಿದ್ದಿದ್ದು."